ಒಡೆದ ಮೇಲೆ ಹೊಡೆದ ಚಪ್ಪಾಳೆ

2023ರ ಏಪ್ರಿಲ್ 20ರ ಸಂಜೆ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎರಡನೆಯ ಪಾಳಿಯ ಏಳೆಂಟು ಮಂದಿ ಚಹಾದ ಲೋಟ ಹಿಡಿದುಕೊಂಡೇ ಒಂದು ಮೊಬೈಲನ್ನು ಸುತ್ತುವರಿದು ನಿಂತಿದ್ದೆವು. ಅಮೆರಿಕದ ಟೆಕ್ಸಾಸ್ ತೀರದಿಂದ ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಶಿಪ್ ರಾಕೆಟ್ಟು ಮೊದಲ ಬಾರಿಗೆ ಪೂರ್ಣರೂಪದಲ್ಲಿ ನೆಲ ಬಿಟ್ಟಿತು. ಅದರ ಬುಡದಲ್ಲಿದ್ದ 33 ಎಂಜಿನ್ನುಗಳಲ್ಲಿ ಕೆಲವು ಆರಂಭದಲ್ಲೇ ಆರಿಹೋಗಿದ್ದು ಪರದೆಯ ಮೇಲೆ ಕಾಣುತ್ತಿತ್ತು. ಸುಮಾರು ನಾಲ್ಕು ನಿಮಿಷಗಳ ಹೊತ್ತಿಗೆ ರಾಕೆಟ್ಟು ಹಿಡಿತ ತಪ್ಪಿ ಗಿರಗಿರನೆ ತಿರುಗಿ ಆಕಾಶದಲ್ಲೇ ಒಡೆದುಹೋಯಿತು. ಮರುಕ್ಷಣವೇ ಆ ಕಂಪನಿಯ ನೌಕರರು ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದ ಸದ್ದು ಕೇಳಿಬಂತು.

ನಮ್ಮ ಅಸೆಂಬ್ಲಿ ವಿಭಾಗದ ಹಿರಿಯ ಫಿಟ್ಟರ್ ಒಬ್ಬರು ಲೋಟವನ್ನು ಕಟ್ಟೆಯ ಮೇಲಿಟ್ಟು ಕೇಳಿದರು: “ಸರ, ಒಡದ ಮ್ಯಾಲೆ ಚಪ್ಪಾಳಿ ಯಾಕ ಹೊಡ್ಯಾಕತ್ತಾರ್ರೀ?” ಅದೇ ಹೊತ್ತಿಗೆ, ವಿದ್ಯಾನಗರದಲ್ಲಿ ಕೋಣೆ ಮಾಡಿಕೊಂಡು ಎಂಜಿನಿಯರಿಂಗ್ ಓದುತ್ತಿದ್ದ ನನ್ನ ಅಕ್ಕನ ಮಗನ ಫೋನು ಬಂತು. “ಮಾಮಾ, ನೋಡಿದ್ರೇನು? ಹಾರಿಬಿಡ್ತು!” ಎಂದು ಅವನು ಕೂಗುತ್ತಿದ್ದ. ಒಬ್ಬರಿಗೆ ಒಡೆದದ್ದು ಕಂಡಿತ್ತು, ಇನ್ನೊಬ್ಬನಿಗೆ ಹಾರಿದ್ದು ಕಂಡಿತ್ತು. ಇಬ್ಬರಿಗೂ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಆಮೇಲಿನ ವರ್ಷಗಳಲ್ಲಿ ಖಾಸಗಿ ರಾಕೆಟ್ಟುಗಳ ಪರೀಕ್ಷಾ ಉಡಾವಣೆ ನಡೆದಾಗಲೆಲ್ಲ ಇದೇ ಎರಡು ದನಿಗಳು ನನ್ನ ಸುತ್ತ ಕೇಳುತ್ತ ಬಂದಿವೆ. ನನಗೆ ತೋಚಿದ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ರಾಕೆಟ್ ವಿಜ್ಞಾನಿಯಲ್ಲ. ಕೈಗಾರಿಕಾ ವಾಲ್ವುಗಳ ಪರೀಕ್ಷಾ ವಿಭಾಗದಲ್ಲಿ ದುಡಿದು ಇಪ್ಪತ್ತೈದು ವರ್ಷ ದಾಟಿದವನು. ಹುಬ್ಬಳ್ಳಿಯಲ್ಲಿ ವಾಲ್ವ್ ತಯಾರಿಕೆ ದೊಡ್ಡ ಕಸುಬು ಎಂಬುದು ಹೊರಗಿನ ಅನೇಕರಿಗೆ ಗೊತ್ತಿಲ್ಲ. ಪೈಪಿನಲ್ಲಿ ಹರಿಯುವ ಎಣ್ಣೆ, ಆವಿ, ನೀರು, ಅನಿಲಗಳನ್ನು ತಡೆಯುವ, ಬಿಡುವ ಈ ಲೋಹದ ಬಾಗಿಲುಗಳು ಇಲ್ಲಿಂದ ದೂರದೂರದ ರಿಫೈನರಿಗಳಿಗೂ ವಿದ್ಯುತ್ ಸ್ಥಾವರಗಳಿಗೂ ಹೋಗುತ್ತವೆ. ಹೋಗುವ ಮುನ್ನ ಪ್ರತಿಯೊಂದನ್ನೂ ಟೆಸ್ಟ್ ಬೆಂಚಿನ ಮೇಲೆ ಬಿಗಿದು ಒಳಗೆ ನೀರು ತುಂಬಿ ಒತ್ತಡ ಏರಿಸುತ್ತೇವೆ. ವಾಲ್ವು ತನ್ನ ಆಯುಷ್ಯದಲ್ಲಿ ತಡೆಯಬೇಕಾದ ಒತ್ತಡದ ಒಂದೂವರೆ ಪಟ್ಟು ಅದರ ಒಡಲಿಗೆ, 1.1 ಪಟ್ಟು ಅದರ ಸೀಟಿಗೆ, ಅಂದರೆ ಒಳಬಾಗಿಲು ಕೂತು ಮುಚ್ಚುವ ಜಾಗಕ್ಕೆ. ಎಷ್ಟು ಹೊತ್ತು ಹಿಡಿಯಬೇಕು, ಎಷ್ಟು ಹನಿ ಸೋರಿದರೆ ಒಪ್ಪಬಹುದು ಎಂಬುದೆಲ್ಲ ವಾಲ್ವನ್ನು ಬೆಂಚಿಗೆ ಏರಿಸುವ ಮೊದಲೇ ಕಾಗದದ ಮೇಲೆ ಬರೆದಿರುತ್ತದೆ. ಒಡಲಿನಿಂದಾದರೆ ಒಂದು ಹನಿಯೂ ಹೊರಬರುವಂತಿಲ್ಲ. ಎರಕದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದರೆ ಹೊರಮೈ ಮೆಲ್ಲಗೆ ತೇವವಾಗುತ್ತದೆ. ವಾಲ್ವು ಬೆವರುತ್ತಿದೆ ಎನ್ನುತ್ತೇವೆ.

ಈ ಕಸುಬಿಗೆ ಬಂದ ಹೊಸದರಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೆ. ಒಂದು ದಿನ ದೊಡ್ಡ ಗೇಟ್ ವಾಲ್ವೊಂದು ಹೀಗೆ ಬೆವರಿತು. ಗಿರಾಕಿಯ ಇನ್‌ಸ್ಪೆಕ್ಟರ್ ಮರುದಿನ ಬರುವವರಿದ್ದರು. ಮೇಲಿನವರ ಮಾತಿನಂತೆ, ತೇವ ಕಂಡ ಜಾಗವನ್ನು ಸುತ್ತಿಗೆಯಿಂದ ಸಣ್ಣಗೆ ಬಡಿದು ರಂಧ್ರ ಮುಚ್ಚಿ, ಉಜ್ಜಿ, ಬಣ್ಣ ಬಳಿಯಲಾಯಿತು. ಮರುದಿನ ಒತ್ತಡ ಏರಿಸಿದಾಗ ಒಂದು ಹನಿಯೂ ಬರಲಿಲ್ಲ, ಸರ್ಟಿಫಿಕೇಟಿಗೆ ಸಹಿಯೂ ಬಿತ್ತು. ಆ ಪರೀಕ್ಷೆಯಲ್ಲಿ ಒತ್ತಡ ತೋರಿಸುವ ಗೇಜನ್ನು ನೋಡುತ್ತ ನಿಂತವನು ನಾನು. ಕೆಲವು ತಿಂಗಳಿಗೆ ಆ ವಾಲ್ವು ಸೈಟಿನಿಂದ ವಾಪಸು ಬಂತು, ಬಡಿದ ಜಾಗದಲ್ಲೇ ಸೋರಿತ್ತು. ಅದರೊಳಗೆ ಹರಿಯುತ್ತಿದ್ದದ್ದು ನೀರಾಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆವಿಯಾಗಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಬೆವರಿದ ದಿನದ ಪರೀಕ್ಷೆ ನಿಜ ಹೇಳಿತ್ತು, ಪಾಸಾದ ದಿನದ ಪರೀಕ್ಷೆ ಸುಳ್ಳು ಹೇಳಿತ್ತು. ಸುಳ್ಳು ಹೇಳಿದ ಪರೀಕ್ಷೆಗೇ ನಾವು ಸಹಿ ಪಡೆದೆವು.

ಆದುದರಿಂದ ಪರೀಕ್ಷೆಯಲ್ಲಿ ಒಂದು ವಸ್ತು ಒಡೆದರೆ ಅದು ಅವಮಾನವೆಂದು ನಾನು ಭಾವಿಸುವುದಿಲ್ಲ. ಹಾಗೆಂದು, ‘ಪ್ರತಿ ಸೋಲೂ ಪಾಠವೇ’ ಎಂಬ ನನ್ನ ಅಳಿಯನ ಮಾತನ್ನೂ ಒಪ್ಪಲಾರೆ. ಸೋಲು ತಾನಾಗಿ ಏನನ್ನೂ ಕಲಿಸುವುದಿಲ್ಲ. ಗೇಜು ಇಟ್ಟಿರಬೇಕು, ಪ್ರಶ್ನೆಯನ್ನು ಮೊದಲೇ ಬರೆದಿರಬೇಕು, ಉತ್ತರ ಬಂದ ಮೇಲೆ ಪ್ರಶ್ನೆಯನ್ನು ತಿದ್ದಬಾರದು. ರಾಕೆಟ್ಟಿನ ಪರೀಕ್ಷೆಯನ್ನೂ ನಾನು ಇದೇ ಅಳತೆಯಿಂದ ನೋಡುತ್ತೇನೆ.

ಈ ಅಳತೆಯಲ್ಲಿ ಸ್ಟಾರ್‌ಶಿಪ್‌ನ ಆ ಮೊದಲ ಹಾರಾಟವನ್ನು ಇಟ್ಟು ನೋಡೋಣ. ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಉಡಾವಣೆಗೆ ಮುಂಚೆಯೇ ಜನರ ನಿರೀಕ್ಷೆಯನ್ನು ಇಳಿಸಿದ್ದರು. ರಾಕೆಟ್ಟು ಉಡಾವಣಾ ಕಟ್ಟೆಯಿಂದ ಸಾಕಷ್ಟು ದೂರ ಹೋದರೆ ಸಾಕು, ಕಟ್ಟೆ ಹಾಳಾಗದಿದ್ದರೆ ಅದೇ ಗೆಲುವು ಎಂಬ ಅರ್ಥದ ಮಾತು ಹೇಳಿದ್ದರು. ರಾಕೆಟ್ಟು ದೂರವೇನೋ ಹೋಯಿತು. ಆದರೆ ಕಟ್ಟೆಯ ಕೆಳಗಿನ ಕಾಂಕ್ರೀಟು ಎಂಜಿನ್ನುಗಳ ಉರಿಗೆ ಕಿತ್ತುಹೋಗಿ ದೊಡ್ಡ ಹೊಂಡವೇ ಬಿತ್ತು, ಕಾಂಕ್ರೀಟಿನ ತುಂಡುಗಳು ಸುತ್ತಲಿನ ಜೌಗು ಪ್ರದೇಶಕ್ಕೂ ಸಮುದ್ರಕ್ಕೂ ಸಿಡಿದವು. ದಿಕ್ಕುತಪ್ಪಿದ ರಾಕೆಟ್ಟನ್ನು ತಾನಾಗಿ ನಾಶಮಾಡಬೇಕಾದ ವ್ಯವಸ್ಥೆಯೂ ತಡವಾಗಿ ಫಲ ಕೊಟ್ಟಿತು. ಅವರೇ ಬರೆದುಕೊಂಡ ಪ್ರಶ್ನೆಗೆ ಅವರ ಉತ್ತರಪತ್ರಿಕೆಯನ್ನು ಹೋಲಿಸಿದರೆ ಅರ್ಧ ಅಂಕ ಮಾತ್ರ ಸಿಗುತ್ತದೆ.

ಕಾಂಕ್ರೀಟು ತಡೆಯುತ್ತದೆಂದು ಅವರು ನಂಬಿದ್ದಾದರೂ ಯಾವ ಆಧಾರದ ಮೇಲೆ ಎಂದು ಹುಡುಕಿ ಓದಿದಾಗ ನನಗೆ ನಿಜವಾಗಿ ಬೇಸರವಾಯಿತು. ಅದೇ ವರ್ಷದ ಫೆಬ್ರವರಿ 9ರಂದು ರಾಕೆಟ್ಟನ್ನು ಕಟ್ಟೆಗೆ ಬಿಗಿದು ಎಂಜಿನ್ನುಗಳನ್ನು ಉರಿಸಿ ನೋಡಿದ್ದರು. ಅಂದು 31 ಎಂಜಿನ್ನುಗಳು ಉರಿದಿದ್ದು ಸುಮಾರು ಅರ್ಧ ಬಲದಲ್ಲಿ. ಆ ಅರ್ಧ ಬಲಕ್ಕೆ ಕಾಂಕ್ರೀಟು ಸವೆದಷ್ಟನ್ನು ಲೆಕ್ಕ ಹಾಕಿ, ಪೂರ್ಣ ಬಲದ ಒಂದು ಉಡಾವಣೆಯನ್ನು ಅದು ತಡೆದೀತು ಎಂದು ಎಣಿಸಿದ್ದರು. ನೀರು ಚಿಮ್ಮಿಸುವ ಉಕ್ಕಿನ ಹಾಸು ಆಗ ಸಿದ್ಧವಾಗಿರಲಿಲ್ಲ, ಕಾಯಲಿಲ್ಲ. ಗೋಕುಲ ರಸ್ತೆಯ ಯಾವ ಟೆಸ್ಟ್ ಬೆಂಚಿನ ಮುಂದೆಯಾದರೂ ನಿಂತು, ಅರ್ಧ ಒತ್ತಡಕ್ಕೆ ತಡೆದಿದೆ, ಪೂರ್ಣ ಒತ್ತಡಕ್ಕೂ ತಡೆಯುತ್ತದೆ ಎಂದು ಬರೆದುಕೊಡಿ ಎಂದರೆ ಹೊಸ ಹುಡುಗನೂ ಪೆನ್ನು ಕೆಳಗಿಡುತ್ತಾನೆ. ಒಂದೂವರೆ ಪಟ್ಟು ಎಂಬ ನಿಯಮ ಬಂದಿರುವುದೇ ಅಂಥ ಎಣಿಕೆಗಳನ್ನು ನಂಬಬಾರದೆಂದು.

ಆದರೆ ಕಥೆಯ ಇನ್ನರ್ಧವನ್ನು ಮುಚ್ಚಿಟ್ಟರೆ ನಾನೂ ಅಪ್ರಾಮಾಣಿಕನಾಗುತ್ತೇನೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ, ಆ ಅಪಘಾತದ ತನಿಖೆಯ ಕೊನೆಯಲ್ಲಿ 63 ತಿದ್ದುಪಡಿಗಳನ್ನು ಪಟ್ಟಿಮಾಡಿತು. ಉಕ್ಕಿನ ಹಾಸು ಬಂತು, ನೀರು ಬಂತು. ಅದೇ ವರ್ಷದ ನವೆಂಬರ್ 18ರ ಎರಡನೆಯ ಹಾರಾಟದಲ್ಲಿ 33 ಎಂಜಿನ್ನುಗಳೂ ಉರಿದವು, ಕಟ್ಟೆ ಉಳಿಯಿತು. ರಾಕೆಟ್ಟು ಆಗಲೂ ಒಡೆಯಿತು, ಆದರೆ ಬೇರೆ ಜಾಗದಲ್ಲಿ, ಬೇರೆ ಕಾರಣಕ್ಕೆ. ಒಂದೇ ಜಾಗದಲ್ಲಿ ಎರಡು ಸಲ ಸೋರದಿರುವುದನ್ನು ನಮ್ಮ ಕಸುಬಿನಲ್ಲಿ ಕಲಿಕೆ ಎನ್ನುತ್ತೇವೆ. 2024ರ ಅಕ್ಟೋಬರ್ 13ರಂದು ಮರಳಿ ಇಳಿದ ಬೂಸ್ಟರನ್ನು, ಅಂದರೆ ರಾಕೆಟ್ಟಿನ ಕೆಳಹಂತವನ್ನು, ಗೋಪುರದ ಉಕ್ಕಿನ ತೋಳುಗಳು ಹಿಡಿದುಕೊಂಡಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಕ್ಯಾಂಟೀನಿನ ಮಾತುಕತೆಯಲ್ಲಿ ನಾನು ಎಲ್ಲರಿಗೂ ಹೇಳುತ್ತ ಬಂದಿರುವ ಇನ್ನೊಂದು ಸಂಗತಿಯಿದೆ. ದೊಡ್ಡ ಹೆಸರಿನ ರಾಕೆಟ್ಟುಗಳು ಎಷ್ಟು ಸಲ ನಮ್ಮ ಕೈಯಲ್ಲಿ ಆಡುವಂಥ ಸಣ್ಣ ವಸ್ತುವಿನಿಂದ ಸೋತಿವೆ ಎಂಬುದು. ಇಸ್ರೊದ ಮೊದಲ ಎಸ್‌ಎಲ್‌ವಿ-3 1979ರ ಆಗಸ್ಟ್ 10ರಂದು ಬಂಗಾಳ ಕೊಲ್ಲಿಗೆ ಬಿದ್ದದ್ದು ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ವಾಲ್ವು ಸಿಕ್ಕಿಹಾಕಿಕೊಂಡು ಆಮ್ಲ ಸೋರಿಹೋದದ್ದರಿಂದ. 2021ರ ಆಗಸ್ಟ್ 12ರಂದು ಜಿಎಸ್‌ಎಲ್‌ವಿ-ಎಫ್10 ಸೋತದ್ದಕ್ಕೆ ಮೂಲ, ದ್ರವ ಹೈಡ್ರೋಜನ್ ಟ್ಯಾಂಕಿನಿಂದ ಹೆಚ್ಚಿನ ಅನಿಲ ಹೊರಬಿಡುವ ವೆಂಟ್ ವಾಲ್ವಿನ ಮೃದುವಾದ ಸೀಲು ಹಾಳಾಗಿದ್ದು. ಟ್ಯಾಂಕಿನ ಒತ್ತಡ ಇಳಿದು, ಅತಿಶೀತ ಇಂಧನದ ಕ್ರಯೋಜೆನಿಕ್ ಎಂಜಿನ್ನು ಹೊತ್ತಿಕೊಳ್ಳಲೇ ಇಲ್ಲ. ಸ್ಪೇಸ್‌ಎಕ್ಸ್‌ನ ಮೊಟ್ಟಮೊದಲ ಫಾಲ್ಕನ್-1 2006ರಲ್ಲಿ ಬಿದ್ದದ್ದು ಸಮುದ್ರದ ಉಪ್ಪುಗಾಳಿಗೆ ತುಕ್ಕು ತಿಂದ ಒಂದು ಅಲ್ಯುಮಿನಿಯಂ ನಟ್ಟಿನಿಂದ ಇಂಧನ ಸೋರಿ. ನಾನು ಮೇಲೆ ವಿವರಿಸಿದ ಸ್ಟಾರ್‌ಶಿಪ್ ಹಾರಾಟವೂ ಏಪ್ರಿಲ್ 17ರಂದೇ ಆಗಬೇಕಿತ್ತು. ಅಂದು ಒಂದು ವಾಲ್ವು ಮಂಜುಗಟ್ಟಿ ನಿಂತಿದ್ದರಿಂದ ಮುಂದಕ್ಕೆ ಹೋಯಿತು. ಜರ್ಮನಿಯ ಈಸಾರ್ ಕಂಪನಿಯ ಸ್ಪೆಕ್ಟ್ರಮ್ ರಾಕೆಟ್ಟು 2025ರ ಮಾರ್ಚ್ 30ರಂದು ನಾರ್ವೆಯಿಂದ ಎದ್ದು ಅರ್ಧ ನಿಮಿಷದಲ್ಲಿ ಸಮುದ್ರಕ್ಕೆ ಬಿತ್ತು. ಅಲ್ಲಿಯೂ ರಾಕೆಟ್ಟು ತನ್ನ ದಿಕ್ಕಿನ ಹಿಡಿತ ಕಳೆದುಕೊಂಡದ್ದರ ಜೊತೆಗೆ ತೆರೆಯಬಾರದ ಒಂದು ವೆಂಟ್ ವಾಲ್ವು ತೆರೆದದ್ದು ತನಿಖೆಯಲ್ಲಿ ಹೊರಬಂತು.

ಇದು ಏಕೆ ಹೀಗೆ ಎಂದು ಕೇಳುವವರಿಗೆ ಒಂದು ಮಾತು ಹೇಳಬೇಕು. ದ್ರವ ಆಮ್ಲಜನಕ ಇರುವುದು ಸೊನ್ನೆಗಿಂತ 183 ಡಿಗ್ರಿ ಕೆಳಗೆ, ದ್ರವ ಹೈಡ್ರೋಜನ್ 253 ಡಿಗ್ರಿ ಕೆಳಗೆ. ಆ ಚಳಿಗೆ ಲೋಹ ಕುಗ್ಗುತ್ತದೆ, ರಬ್ಬರಿನಂಥ ಸೀಲು ಗಾಜಿನಂತಾಗುತ್ತದೆ, ಗಾಳಿಯ ತೇವ ಒಳಗೆ ಸೇರಿದ್ದರೆ ಮಂಜಾಗಿ, ವಾಲ್ವನ್ನು ತೆರೆದು ಮುಚ್ಚುವ ದಂಡವಾದ ಸ್ಪಿಂಡಲನ್ನು ಹಿಡಿದುಬಿಡುತ್ತದೆ. ಆಮ್ಲಜನಕದ ವಾಲ್ವಿನಲ್ಲಿ ಬೆರಳಿನ ಎಣ್ಣೆಯ ಅಂಟೂ ಉಳಿಯಬಾರದು, ಉಳಿದರೆ ಹೊತ್ತಿಕೊಳ್ಳಬಹುದು. ನಾವು ನೀರಿನಿಂದ ಪರೀಕ್ಷಿಸುವುದು ನೀರು ಒತ್ತಿದರೂ ಹೆಚ್ಚು ಕುಗ್ಗದ ವಸ್ತುವಾದ್ದರಿಂದ: ಒಡಲು ಬಿರಿದರೆ ನೀರು ಚಿಮ್ಮಿ ಒತ್ತಡ ಇಳಿದುಬಿಡುತ್ತದೆ, ಗಾಳಿ ತುಂಬಿದ್ದರೆ ಬಾಂಬಿನಂತೆ ಸಿಡಿಯುತ್ತದೆ. ರಾಕೆಟ್ಟಿಗೆ ಈ ಸೌಕರ್ಯ ಕೊನೆಯವರೆಗೆ ಇಲ್ಲ. ಬಿಡಿಭಾಗಗಳನ್ನು ನೀರಿನಲ್ಲಿ, ದ್ರವ ಸಾರಜನಕದಲ್ಲಿ ಪರೀಕ್ಷಿಸಬಹುದು, ಎಂಜಿನ್ನನ್ನು ನೆಲಕ್ಕೆ ಬಿಗಿದು ಉರಿಸಬಹುದು. ಇಡೀ ರಾಕೆಟ್ಟನ್ನು ಮಾತ್ರ ಹಾರಿಸಿಯೇ ನೋಡಬೇಕು. ಅದಕ್ಕೇ ಮೊದಲ ಹಾರಾಟಗಳು ಬೀಳುತ್ತವೆ, ಸರ್ಕಾರದ್ದಾದರೂ ಖಾಸಗಿಯದಾದರೂ. ಸರ್ಕಾರದ ರಾಕೆಟ್ಟು ಬಿದ್ದರೆ ಮರುಗುವ, ಖಾಸಗಿಯದು ಬಿದ್ದರೆ ಹಂಗಿಸುವ ನಮ್ಮ ಅಭ್ಯಾಸ ನ್ಯಾಯವಲ್ಲ.

ನಮ್ಮ ದೇಶದ ಖಾಸಗಿಯವರ ವಿಷಯಕ್ಕೆ ಬರುತ್ತೇನೆ. 2020ರಲ್ಲಿ ಸರ್ಕಾರ ಈ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆದ ಮೇಲೆ, ಹೈದರಾಬಾದಿನ ಸ್ಕೈರೂಟ್ ಕಂಪನಿ 2022ರ ನವೆಂಬರ್ 18ರಂದು ಶ್ರೀಹರಿಕೋಟದಿಂದ ವಿಕ್ರಮ್-ಎಸ್ ಅನ್ನು ಹಾರಿಸಿತು. ಆರು ಮೀಟರ್ ಎತ್ತರ, 545 ಕಿಲೊ ತೂಕದ ಆ ರಾಕೆಟ್ಟು 89.5 ಕಿಲೊಮೀಟರ್ ಎತ್ತರಕ್ಕೆ ಹೋಗಿ ಸಮುದ್ರಕ್ಕೆ ಇಳಿಯಿತು. ಅಳಿಯ ಸಂಭ್ರಮಿಸಿದ. ಅವನ ಸಹಪಾಠಿಯೊಬ್ಬ, ಬಾಹ್ಯಾಕಾಶ ಆರಂಭವಾಗುವುದು 100 ಕಿಲೊಮೀಟರಿಗೆ, ಇದು ಅಷ್ಟೂ ಏರಲಿಲ್ಲ ಎಂದು ಹೀಗಳೆದ. ಆದರೆ ಅದು ಕಕ್ಷೆಗೆ ಹೋಗುವುದಿಲ್ಲವೆಂದು ಮೊದಲೇ ಹೇಳಲಾಗಿತ್ತು, ಕಾರ್ಯಾಚರಣೆಗೆ ಇಟ್ಟ ಹೆಸರೂ ‘ಪ್ರಾರಂಭ’. ಕೇಳಿದ ಪ್ರಶ್ನೆಗೆ ಉತ್ತರ ಬಂದಿತ್ತು. ಕೇಳದ ಪ್ರಶ್ನೆಗೆ ಉತ್ತರಿಸಲಿಲ್ಲವೆಂದು ಸಿಟ್ಟಾಗುವುದು ಸರಿಯಲ್ಲ.

ಚೆನ್ನೈನ ಅಗ್ನಿಕುಲ್ ಕಂಪನಿಯ ಅಗ್ನಿಬಾಣದ ಕಥೆ ನನಗೆ ಇನ್ನೂ ಹತ್ತಿರದ್ದು. ಒಂದೇ ತುಂಡಾಗಿ 3ಡಿ ಮುದ್ರಣದಲ್ಲಿ ಮಾಡಿದ ಎಂಜಿನ್ನು, ದ್ರವ ಆಮ್ಲಜನಕ ಮತ್ತು ಸೀಮೆಎಣ್ಣೆಯ ಜಾತಿಯ ಇಂಧನ, ಶ್ರೀಹರಿಕೋಟದಲ್ಲೇ ತಮ್ಮದೇ ಒಂದು ಪುಟ್ಟ ಉಡಾವಣಾ ಕಟ್ಟೆ. 2024ರ ಮಾರ್ಚಿನಿಂದ ಮೇ ತಿಂಗಳವರೆಗೆ ನಾಲ್ಕು ಸಲ ಸಿದ್ಧಮಾಡಿ ನಾಲ್ಕು ಸಲವೂ ನಿಲ್ಲಿಸಿದರು. ಮೂರನೆಯ ಸಲದ ಹೊತ್ತಿಗೆ, ಅಲ್ಲಿಯವರೆಗೆ ಕೈಮುಗಿದು ಕಾಯುತ್ತಿದ್ದ ಜನರೇ ಗೇಲಿ ಶುರು ಮಾಡಿದ್ದರು. ಮೇ 30ರ ಬೆಳಿಗ್ಗೆ, ನೇರ ಪ್ರಸಾರವಿಲ್ಲದೆ, ಕೆಲವೇ ಜನರ ಎದುರಿನಲ್ಲಿ ಅದು ಹಾರಿತು. ಆ ಹಾರಾಟಕ್ಕೆ ಸಲ್ಲಬೇಕಾದ ಚಪ್ಪಾಳೆ ಸಂದಿದೆ. ನಾನು ಮನಸ್ಸಿನಲ್ಲಿ ಎದ್ದುನಿಂತು ಚಪ್ಪಾಳೆ ತಟ್ಟಿದ್ದು ಆ ನಾಲ್ಕು ನಿಲುಗಡೆಗಳಿಗೆ. ಮಾಧ್ಯಮದವರು ಕಾದಿದ್ದಾರೆ, ಹಣ ಹಾಕಿದವರು ನೋಡುತ್ತಿದ್ದಾರೆ, ದೇಶವೆಲ್ಲ ಮೊಬೈಲು ಹಿಡಿದು ಕುಳಿತಿದೆ; ಅಂಥ ಹೊತ್ತಿನಲ್ಲಿ ಗೇಜಿನ ಒಂದು ಮುಳ್ಳು ನಿಲ್ಲಬೇಕಾದಲ್ಲಿ ನಿಂತಿಲ್ಲವೆಂದು ‘ಬೇಡ, ಇಳಿಸಿ’ ಎನ್ನಲು ಎಷ್ಟು ಗಟ್ಟಿತನ ಬೇಕೆಂಬುದು, ಇನ್‌ಸ್ಪೆಕ್ಟರ್ ಬರುವ ಹಿಂದಿನ ದಿನ ಸುತ್ತಿಗೆಯ ಸದ್ದು ಕೇಳಿಯೂ ಸುಮ್ಮನಿದ್ದ ನನಗೆ ಗೊತ್ತಿದೆ.

ಸಂಶಯಪಡುವವರ ಒಂದು ಮಾತಿಗೆ ಮಾತ್ರ ನಾನು ಪೂರ್ತಿ ತಲೆಬಾಗುತ್ತೇನೆ. ನಲ್ಲಿಯಲ್ಲಿ ನೀರು ಬರುವ ದಿನವನ್ನು ಎಣಿಸಿಕೊಂಡು ಕೊಡ ಸಾಲಿಡುವ ನಮ್ಮಂಥ ಊರಿನಲ್ಲಿ ಫಿಟ್ಟರ್ ಕೇಳುತ್ತಾರೆ: “ಅವರ ರೊಕ್ಕ ಅವರು ಸುಡ್ಲಿ, ಆದರ ಅದು ಬೀಳೂದು ಯಾರ ಮ್ಯಾಲ್ರೀ?” ಈ ಪ್ರಶ್ನೆ ಸರಿಯಾಗಿದೆ. ಹಣ ಖಾಸಗಿಯದಿರಬಹುದು, ಆದರೆ ಆಕಾಶ, ಸಮುದ್ರ, ಜೌಗುನೆಲ ಯಾವುದೂ ಖಾಸಗಿಯಲ್ಲ. 2025ರ ಜನವರಿ 16ರಂದು ಸ್ಟಾರ್‌ಶಿಪ್‌ನ ಏಳನೆಯ ಹಾರಾಟ ಒಡೆದಾಗ ಉರಿಯುವ ತುಂಡುಗಳು ಕೆರಿಬಿಯನ್ ಪ್ರದೇಶದ ಟರ್ಕ್ಸ್ ಮತ್ತು ಕೈಕೋಸ್ ದ್ವೀಪಗಳ ಮೇಲೆ ಸುರಿದವು, ವಿಮಾನಗಳು ದಾರಿ ಬದಲಿಸಬೇಕಾಯಿತು. ಆ ದ್ವೀಪದವರು ಯಾವ ಪರೀಕ್ಷೆಗೂ ಸಹಿ ಹಾಕಿರಲಿಲ್ಲ. ಒಡೆದರೆ ನೀರು ಚಿಮ್ಮಿ ನಮ್ಮ ಬಟ್ಟೆಯಷ್ಟೇ ಒದ್ದೆಯಾಗುವ ಪರೀಕ್ಷೆಯಲ್ಲಿ ಧೈರ್ಯ ನಮ್ಮದು, ಅಪಾಯವೂ ನಮ್ಮದು. ಅಪಾಯ ಇನ್ನೊಬ್ಬರ ಅಂಗಳಕ್ಕೆ ದಾಟಿದ ಮೇಲೆ, ಏನಾಯಿತೆಂದು ಬಹಿರಂಗವಾಗಿ ಬರೆದು ತಿಳಿಸುವುದು ಪರೀಕ್ಷೆ ನಡೆಸಿದವರ ಮರ್ಜಿಯಲ್ಲ, ಅವರು ತೀರಿಸಬೇಕಾದ ಸಾಲ. ಜಿಎಸ್‌ಎಲ್‌ವಿಯ ಆ ಸೀಲಿನ ಕಥೆ ನನಗೆ ತಿಳಿದಿರುವುದು ಇಸ್ರೊ ಅದನ್ನು ಪ್ರಕಟಿಸಿದ್ದರಿಂದ. ನಮ್ಮ ಖಾಸಗಿ ಕಂಪನಿಗಳೂ, ಹೂಡಿಕೆದಾರರ ಅಂಜಿಕೆ ಬಿಟ್ಟು, ಇದೇ ರೂಢಿಯನ್ನು ಹಿಡಿಯಬೇಕು ಎಂಬುದು ನನ್ನ ಬಲವಾದ ಆಸೆ.

2025ರ ಜೂನಿನಲ್ಲಿ ಈ ವಿಷಯ ನಮ್ಮ ಮನೆಬಾಗಿಲಿಗೇ ಬಂತು. ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರು ಅಮೆರಿಕದ ಆಕ್ಸಿಯಮ್ ಎಂಬ ಖಾಸಗಿ ಕಂಪನಿಯ ಆಕ್ಸಿಯಮ್-4 ಯಾನದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದವರು ಸೇರಿ ಸಿದ್ಧಪಡಿಸಿದ ಪ್ರಯೋಗವೊಂದು ಅವರ ಜೊತೆಗಿತ್ತು. ಹೆಸರುಕಾಳು ಮತ್ತು ಮೆಂತ್ಯಕಾಳು ತೂಕವಿಲ್ಲದ ಸ್ಥಿತಿಯಲ್ಲಿ ಹೇಗೆ ಮೊಳೆಯುತ್ತವೆ ಎಂದು ನೋಡುವ ಪ್ರಯೋಗ. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವ ಕಾಳುಗಳು ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್-9 ರಾಕೆಟ್ಟು ಏರುವುದಿತ್ತು. ಪ್ರಯೋಗಕ್ಕಾಗಿ ದುಡಿದವರು ಹತ್ತಿರದಲ್ಲೇ ಇದ್ದಾರೆಂಬ ಸಲುಗೆಯಿಂದ ನಮ್ಮ ಕ್ಯಾಂಟೀನು ಅದನ್ನು ಮನೆಯ ಮದುವೆಯಂತೆ ಕಾಯುತ್ತಿತ್ತು.

ಜೂನ್ 11ಕ್ಕೆ ಗೊತ್ತಾಗಿದ್ದ ಉಡಾವಣೆ ನಿಂತಿತು. ರಾಕೆಟ್ಟನ್ನು ಕಟ್ಟೆಗೆ ಬಿಗಿದು ಉರಿಸಿ ನೋಡಿದ ಬಳಿಕದ ತಪಾಸಣೆಯಲ್ಲಿ ದ್ರವ ಆಮ್ಲಜನಕ ಸೋರುತ್ತಿರುವುದು ಕಂಡಿತ್ತು. ಆ ಬೂಸ್ಟರ್ ಹಿಂದಿನ ಹಾರಾಟದಿಂದ ಮರಳುವಾಗಲೇ ಸೋರಿಕೆ ಇತ್ತೆಂದೂ, ದುರಸ್ತಿಯಲ್ಲಿ ಅದು ಪೂರ್ತಿ ಸರಿಹೋಗಿರಲಿಲ್ಲವೆಂದೂ ಕಂಪನಿಯವರೇ ಪತ್ರಕರ್ತರ ಮುಂದೆ ಹೇಳಿದರು. ಸೋರಿಕೆ ಸರಿಯಾಗದೆ ಹಾರಿಸಬಾರದೆಂದು ಅಲ್ಲಿದ್ದ ಇಸ್ರೊ ತಂಡ ಹಟ ಹಿಡಿಯಿತು. ಅಳಿಯನಿಗೆ ಬೇಸರವಾಗಿತ್ತು. ನಿಲ್ದಾಣದ ರಷ್ಯಾ ಭಾಗದಲ್ಲಿ ಗಾಳಿ ಸೋರುವ ಇನ್ನೊಂದು ತೊಂದರೆಯೂ ಸೇರಿ ದಿನಗಳು ಮುಂದೆ ಹೋದವು.

ಜೂನ್ 25ರ ಮಧ್ಯಾಹ್ನ 12 ಗಂಟೆ 1 ನಿಮಿಷಕ್ಕೆ ರಾಕೆಟ್ಟು ಎದ್ದಿತು. ಊಟದ ಬಿಡುವಿಗೆ ಇನ್ನೂ ಹೊತ್ತಿದ್ದರೂ ಬೆಂಚುಗಳ ಮೋಟಾರು ನಿಲ್ಲಿಸಿ ಎಲ್ಲರೂ ಕ್ಯಾಂಟೀನಿಗೆ ಬಂದಿದ್ದರು. ಮೊದಲ ಹಂತ ಕಳಚಿಕೊಂಡಾಗ ಹುಡುಗರು ಚಪ್ಪಾಳೆ ತಟ್ಟಿದರು. ಹಿರಿಯ ಫಿಟ್ಟರ್ ತಟ್ಟಲಿಲ್ಲ, ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಸರ, ಆ ಸೋರಿಕಿ ಎಲ್ಲಿ ಸಿಕ್ತಂತ್ರೀ?” ಎಂದು ಕೇಳಿದರು. ನಾನು ಓದಿ ತಿಳಿದಷ್ಟನ್ನು, ಬೂಸ್ಟರಿನ ಚಿತ್ರವನ್ನು ಹಳೆಯ ಟೆಸ್ಟ್ ಸರ್ಟಿಫಿಕೇಟಿನ ಹಿಂಬದಿಯಲ್ಲಿ ಬರೆದು ತೋರಿಸುತ್ತ ಹೇಳಿದೆ. ಅವರು ಆ ಕಾಗದವನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಆಮೇಲೆ ಚಪ್ಪಾಳೆ ತಟ್ಟಿದರು.